ಅಲಗು ಒಂದೂರಿನದು, ಹಿಡಿ ಇನ್ನೊಂದೂರಿನದು

ಮಹಾನವಮಿಯ ದಿನ ಹುಕ್ಕೇರಿ ಕಡೆಯ ಹಳ್ಳಿಯೊಂದರ ಹಳೆಯ ವಾಡೆಯಲ್ಲಿ ಖಂಡೆ ಪೂಜೆ ನೋಡುತ್ತ ಕೂತಿದ್ದೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಡಗೋಲು, ಕುರ್ಚಿಗಿ, ಕೊಡಲಿ, ಕೂರಿಗೆ, ಟ್ರ್ಯಾಕ್ಟರಿನ ಪಾನಾ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಸಾಲಿನ ತುದಿಗೆ ಅರಿಷಿಣ, ಕುಂಕುಮ ಹಚ್ಚಿಸಿಕೊಂಡ ಉದ್ದನೆಯ ಖಡ್ಗ. ವರ್ಷವಿಡೀ ಅದು ದೇವರ ಕೋಣೆಯ ಜಂತಿಯ ಮೇಲಿರುತ್ತದೆ. ಈ ಒಂದು ದಿನ ಕೆಳಗಿಳಿಸಿ, ಎಣ್ಣೆ ಸವರಿ, ಬಂಡಾರ ಹಚ್ಚಿ, ಹೋಳಿಗೆಯ ನೈವೇದ್ಯ ತೋರಿಸಿ ಮತ್ತೆ ಮೇಲಕ್ಕೇರಿಸುತ್ತಾರೆ.

“ಇದು ಶಿವಾಜಿ ಮಹಾರಾಜರ ಕಾಲದ್ದು ನೋಡ್ರಿ, ನಮ್ಮ ಮುತ್ಯಾ ಹೇಳತಿದ್ರು” ಅಂದರು ಮನೆಯ ಹಿರಿಯರು.

“ಅಲ್ಲೋ ಅಣ್ಣಾ, ಕಿತ್ತೂರ ಕಾಳಗದಾಗ ಸಿಕ್ಕಿದ್ದು ಅಂತ ಅವ್ವ ಹೇಳತಿದ್ಲಲ್ಲ?” ಎಂದು ಅವರ ತಮ್ಮ ಬಾಗಿಲ ಬಳಿಯಿಂದಲೇ ಕೇಳಿದರು.

ಒಂದೇ ಮನೆಯಲ್ಲಿ ಒಂದೇ ಖಡ್ಗಕ್ಕೆ ನೂರೈವತ್ತು ವರ್ಷ ಅಂತರದ ಎರಡು ಹುಟ್ಟು. ಇಬ್ಬರೂ ಸುಳ್ಳು ಹೇಳುವವರಲ್ಲ. ತಮಗೆ ಬಂದ ಮಾತನ್ನು ಹಾಗೆಯೇ ಜೋಪಾನ ಮಾಡಿಕೊಂಡು ಬಂದವರು.

ಅಪ್ಪಣೆ ಕೇಳಿ ಖಡ್ಗವನ್ನು ಕೈಗೆತ್ತಿಕೊಂಡೆ. ಅಲಗು ನೆಟ್ಟಗಿತ್ತು, ಎರಡೂ ಕಡೆ ಬಾಯಿ. ಹಿಡಿಯ ಬುಡದಿಂದ ಗೇಣುದ್ದ ಮೂರು ಸಪೂರ ಕಾಲುವೆಗಳು. ಅವುಗಳ ಪಕ್ಕದಲ್ಲಿ, ಬಂಡಾರ ತುಂಬಿಕೊಂಡು ಕಂಡೂ ಕಾಣದಂತೆ ಒಂದು ಗುರುತು: ಎದುರುಬದುರಾಗಿ ಬಾಗಿದ ಎರಡು ಗೆರೆ, ಗೆರೆಯ ಹೊರಮೈಗೆ ಸಣ್ಣ ಸಣ್ಣ ಹಲ್ಲು. “ಅದು ಕುಡಗೋಲ್ರಿ. ನಾವು ಒಕ್ಕಲಿಗರು ಅಂತ ನಮ್ಮ ಹಿರಿಯರು ಹೊಡಿಸಿದ್ದು” ಅಂದರು ಅಜ್ಜ. ಹಿಡಿ ಮಾತ್ರ ಬೇರೆಯದೇ ಕೈಯ ಕೆಲಸ. ಬೆರಳುಗಳನ್ನು ಮರೆಮಾಡುವ ಅಗಲ ಪಟ್ಟಿ, ತಲೆಯಲ್ಲಿ ತಟ್ಟೆ, ತಟ್ಟೆಯ ನೆತ್ತಿಯಿಂದ ನಾಲ್ಕು ಬೆರಳಿನಷ್ಟು ಹೊರಚಾಚಿದ ಮೊನೆ. ಹಿಡಿಯಿಂದ ಇಳಿದ ಎರಡು ಕಬ್ಬಿಣದ ಪಟ್ಟಿಗಳು ಅಲಗನ್ನು ಎರಡೂ ಬದಿಯಿಂದ ಕಚ್ಚಿ ಹಿಡಿದಿದ್ದವು. ಒಳಗೆ ಹಾಸಿದ್ದ ಮೆತ್ತೆಯ ಬಟ್ಟೆಯ ಚೂರೊಂದು ಇನ್ನೂ ಅಂಟಿಕೊಂಡಿತ್ತು.

ಕುಡಗೋಲಿನಂಥ ಆ ಗುರುತನ್ನು ಬಲ್ಲವರು ಇಟಲಿಯ ಜಿನೋವಾ ಪಟ್ಟಣದ ಜೊತೆ ಸೇರಿಸಿ ಹೇಳುತ್ತಾರೆ. ಹಿಡಿಯ ರೀತಿ ದಖ್ಖನಿನದು, ಅದರಲ್ಲೂ ಮರಾಠರ ಮತ್ತು ವಿಜಾಪುರದ ಸೈನ್ಯಗಳಲ್ಲಿ ಬಳಕೆಯಲ್ಲಿದ್ದದ್ದು. ಹೀಗೆ ಯುರೋಪಿನ ಅಲಗಿಗೆ ನಮ್ಮ ಕಡೆಯ ಹಿಡಿ ಕೂಡಿಸಿದ ಖಡ್ಗಕ್ಕೆ ಆ ಕಾಲದವರೇ ಇಟ್ಟ ಹೆಸರು ‘ಫಿರಂಗಿ’. ಇವತ್ತು ಕನ್ನಡದಲ್ಲಿ ಫಿರಂಗಿ ಅಂದರೆ ತೋಪು. ಆದರೆ ಮಾತಿನ ಬೇರು ಒಂದೇ, ಪರಂಗಿಯವರಿಂದ ಬಂದದ್ದು ಎಂದು. ಜರ್ಮನ್ ಅಲಗಿನ ಕತ್ತಿಗೆ ‘ಅಲೇಮಾನಿ’ ಎಂಬ ಹೆಸರೂ ಇತ್ತು.

ಈ ಅಲಗುಗಳು ಇಲ್ಲಿಗೆ ಬಂದ ದಾರಿ ದೂರದ್ದೇನಲ್ಲ. 1510ರಲ್ಲಿ ಗೋವೆ ಆದಿಲಶಾಹಿಯ ಕೈಬಿಟ್ಟು ಪೋರ್ಚುಗೀಸರ ಪಾಲಾಯಿತು. 17ನೆಯ ಶತಮಾನದಲ್ಲಿ ವೆಂಗುರ್ಲೆಯಲ್ಲಿ ಡಚ್ಚರ ಕೋಠಿ ಇತ್ತು. ಕರಾವಳಿಗೆ ಇಳಿದ ಸರಕು ಘಟ್ಟ ಹತ್ತಿದರೆ ಸಿಗುವುದೇ ಬೆಳಗಾವಿ ಸೀಮೆ. ಜರ್ಮನಿಯ ಸೋಲಿಂಗೆನ್, ಇಟಲಿಯ ಜಿನೋವಾದಂಥ ಊರುಗಳ ಅಲಗುಗಳು ಹಿಡಿಯಿಲ್ಲದೆ ಬಂದಿಳಿಯುತ್ತಿದ್ದವು. ಇಲ್ಲಿಯವರು ತಮ್ಮ ಕೈಗೆ, ತಮ್ಮ ಹೊಡೆತಕ್ಕೆ ಒಗ್ಗುವ ಹಿಡಿ ಹಾಕಿಕೊಳ್ಳುತ್ತಿದ್ದರು. ತಲೆಯ ಮೇಲಿನ ಆ ಮೊನೆ ಅಂದಕ್ಕಲ್ಲ, ಎರಡನೆಯ ಕೈಯಿಂದ ಅದನ್ನು ಹಿಡಿದರೆ ಎರಡು ಕೈಯ ಬಲದ ಹೊಡೆತ ಹಾಕಬಹುದು.

ಹಾಗಾದರೆ ಅಜ್ಜನ ಮನೆಯ ಖಡ್ಗ ಜಿನೋವಾದ್ದೇ? ಅಷ್ಟು ಬೇಗ ಹೇಳಲಾಗದು. ಜಿನೋವಾದ ಗುರುತಿಗೆ ಹೆಸರು ಬಂದ ಮೇಲೆ ಯುರೋಪಿನ ಬೇರೆ ಊರುಗಳ ಕಮ್ಮಾರರು ಅದನ್ನು ಹೊಡೆದರು, ನಮ್ಮ ದೇಶದ ಕಮ್ಮಾರರೂ ಹೊಡೆದರು. ಪಸಾವು ಪಟ್ಟಣದ ‘ಓಡುವ ತೋಳ’ದ ಗುರುತನ್ನು ಸೋಲಿಂಗೆನ್ನಿನವರು ತಮ್ಮದಾಗಿಸಿಕೊಂಡರು. ಇರಾನಿನ ಇಸ್ಫಹಾನದ ಅಸದುಲ್ಲಾ ಎಂಬ ಕಮ್ಮಾರನ ಹೆಸರು ಎಷ್ಟು ಅಲಗುಗಳ ಮೇಲಿದೆಯೆಂದರೆ, ಅವನ್ನೆಲ್ಲ ಒಬ್ಬನೇ ಮಾಡಬೇಕಾದರೆ ಆತ ಇನ್ನೂರು ವರ್ಷ ಬದುಕಿರಬೇಕು. ಹಳೆಯ ಆಯುಧದ ಮೇಲಿನ ಗುರುತನ್ನು ಸಾಕ್ಷಿಯ ಹೇಳಿಕೆಯಂತೆ ಕೇಳಬೇಕು, ತೀರ್ಪಿನಂತೆ ಒಪ್ಪಬಾರದು. ಅಲಗಿನ ತೂಕ, ಕಾಲುವೆಯ ಅಚ್ಚುಕಟ್ಟು, ಉಕ್ಕಿನ ಮೈ, ಹಿಡಿಯ ಮೊಳೆ ಎಲ್ಲವೂ ಅದೇ ಮಾತನ್ನು ಆಡಿದಾಗಷ್ಟೇ ನಂಬಬಹುದು. ಆ ಮನೆಯ ಖಡ್ಗದ ಬಗ್ಗೆ ನನಗೆ ಅನಿಸಿದ್ದಿಷ್ಟು: ಅಲಗು ಯುರೋಪಿನದು ಇರಬಹುದು, ಹಿಡಿ ದಖ್ಖನಿನದು ಎನ್ನುವುದರಲ್ಲಿ ಅನುಮಾನವಿಲ್ಲ. ಅಂದರೆ ತಮ್ಮನಿಗಿಂತ ಅಣ್ಣನ ಮಾತು ಕಾಲಕ್ಕೆ ಹತ್ತಿರ. ಆದರೆ ತಮ್ಮನ ಮಾತೂ ಸುಳ್ಳಾಗಬೇಕಿಲ್ಲ. ನೂರೈವತ್ತು ವರ್ಷ ಹಳೆಯ ಖಡ್ಗವನ್ನೇ 1824ರ ಕಿತ್ತೂರ ಕಾಳಗದಲ್ಲಿ ಯಾರೋ ಹಿಡಿದಿದ್ದಿರಬಹುದು.

ಆಯುಧದ ಮೂಲ ಅಂದಾಕ್ಷಣ ನಾವು ಒಂದು ಊರಿನ ಹೆಸರು ಕೇಳುತ್ತೇವೆ. ಅದಕ್ಕೆ ಹುಟ್ಟೂರು ಒಂದಲ್ಲ, ನಾಲ್ಕು. ಉಕ್ಕು ಕಾಯಿಸಿದ ಊರು, ಅಲಗು ಬಡಿದ ಊರು, ಹಿಡಿ ಕೂಡಿಸಿದ ಊರು, ಕೊನೆಗೆ ಹಿಡಿದವನ ಊರು. ಮೊದಲ ಮೂರನ್ನು ಭೂತಗನ್ನಡಿ ಹಿಡಿದು, ಹತ್ತು ಸಂಗ್ರಹಾಲಯ ಸುತ್ತಿ ಇವತ್ತಲ್ಲ ನಾಳೆ ಹುಡುಕಬಹುದು. ನಾಲ್ಕನೆಯದು ಮನೆಯವರ ಬಾಯಲ್ಲಿ ಮಾತ್ರ ಇರುತ್ತದೆ, ಬಾಯಿ ಮುಚ್ಚಿದರೆ ಹೋಯಿತು. ನಾನು ಈ ಲೇಖನ ಬರೆಯುತ್ತಿರುವುದು ಆ ನಾಲ್ಕನೆಯದಕ್ಕಾಗಿ.

ಹುಕ್ಕೇರಿ ಪಕ್ಕದ ಗೋಕಾಕ ಸೀಮೆಯಲ್ಲಿ ಮೂಲ ಹುಡುಕುವ ಈ ತೊಡಕು ಹೆಚ್ಚು, ಯಾಕೆಂದರೆ ಇಲ್ಲಿ ರಾಜ್ಯಗಳು ಬದಲಾದಷ್ಟು ಬೇರೆ ಕಡೆ ಬದಲಾಗಿದ್ದು ಕಡಿಮೆ. ಆದಿಲಶಾಹಿ ಆಯಿತು, 1686ರಲ್ಲಿ ವಿಜಾಪುರ ಬಿದ್ದ ಮೇಲೆ ಮೊಗಲರು ಬಂದರು, ಆಮೇಲೆ ಸವಣೂರ ನವಾಬರು, ಆಮೇಲೆ ಪಟವರ್ಧನರು, 1836ರಲ್ಲಿ ಇಂಗ್ಲಿಷರು. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ಇವತ್ತಿಗೂ ನಿಂತಿವೆ, ಸಂಕೇಶ್ವರದ ಹತ್ತಿರ ವಲ್ಲಭಗಡದ ಕೋಟೆ ಇದೆ. ಒಬ್ಬೊಬ್ಬ ದೊರೆಯ ಜೊತೆಗೂ ಒಂದೊಂದು ಬಗೆಯ ಆಯುಧ ಬಂತು. ದೊರೆ ಹೋದ, ಆಯುಧ ಉಳಿಯಿತು.

ಉಳಿದದ್ದೂ ಇದ್ದಂತೆಯೇ ಉಳಿಯಲಿಲ್ಲ. ತಲವಾರದ ಹಿಡಿಯ ಒಳಗು ಟೊಳ್ಳು. ಅದರೊಳಗೆ ರಾಳ, ಅರಗು ಕರಗಿಸಿ ಸುರಿದು, ಬಿಸಿಯಿರುವಾಗಲೇ ಅಲಗಿನ ಬಾಲವನ್ನು ತೂರಿಸಿ ಆರಲು ಬಿಡುತ್ತಿದ್ದರು. ಆರಿದ ಮೇಲೆ ಕಲ್ಲಿನಂತೆ ಬಿಗಿ. ಮತ್ತೆ ಹಿಡಿಯನ್ನು ಕೆಂಡದ ಮೇಲೆ ಕಾಯಿಸಿದರೆ ಅಲಗು ಸಲೀಸಾಗಿ ಹೊರಬರುತ್ತದೆ. ಮುರಿದ ಅಲಗನ್ನು ಬದಲಿಸುವುದು ಕುಡಗೋಲಿಗೆ ಕಾವು ಹಾಕಿದಷ್ಟೇ ಸಾಮಾನ್ಯದ ಕೆಲಸ. ಅಪ್ಪನ ಹಿಡಿಗೆ ಮಗ ಹೊಸ ಅಲಗು ಹಾಕಿಸಿದ, ಮೊಮ್ಮಗ ಇಂಗ್ಲಿಷ್ ಕುದುರೆ ಪಡೆಯ ಅಲಗು ಹಾಕಿಸಿದ. 1796ರ ಮಾದರಿಯ ಇಂಗ್ಲಿಷ್ ಅಲಗನ್ನು ನಮ್ಮ ಸವಾರರು ಬಹಳ ಮೆಚ್ಚಿಕೊಂಡಿದ್ದರು. ಅಂಥ ಅಲಗಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಸಿಗುವುದುಂಟು. ಹಿಡಿ ಎಷ್ಟೇ ಹಳೆಯದಿರಲಿ, ಬೆನ್ನಿನ ಮೇಲೆ ಇಂಗ್ಲಿಷ್ ಅಕ್ಷರ ಕಂಡರೆ ಅಲಗಿನ ಕಾಲ ಬೇರೆಯೆಂದೇ ತಿಳಿಯಬೇಕು.

ಒರೆಯ ಕಥೆ ಇನ್ನೂ ಬೇಸರದ್ದು. ಎರಡು ತೆಳು ಹಲಗೆ, ಮೇಲೆ ತೊಗಲು ಅಥವಾ ಮಖಮಲ್ಲು. ಗೆದ್ದಲಿಗೆ, ಮಳೆಗೆ ಮೊದಲು ಬಲಿಯಾಗುವುದು ಅದೇ. ಗೋಕಾಕದ ಕಟ್ಟಿಗೆಯ ಗೊಂಬೆ, ಹಣ್ಣು, ತರಕಾರಿ ಮಾಡುವ ಜೀನಗಾರರ ಹೆಸರನ್ನೇ ನೋಡಿ. ಜೀನು ಅಂದರೆ ಕುದುರೆಯ ತಡಿ. ತಡಿ ಹೊಲಿಯುವುದು, ಕತ್ತಿಗೆ ಒರೆ ಮಾಡುವುದು, ಕಟ್ಟಿಗೆ ಕೆತ್ತಿ ಬಣ್ಣ ಬಳಿಯುವುದು ಈ ಸಮುದಾಯದ ಹಳೆಯ ಕಸುಬುಗಳು. ಕುದುರೆ ದಂಡು ಹೋಯಿತು, ಜೀನಿಗೆ ಗಿರಾಕಿ ಇಲ್ಲವಾಯಿತು, ಒರೆ ಕೇಳುವವರಿಲ್ಲವಾದರು. ಉಳಿದ ಕೈಚಳಕ ಬಾಳೆಹಣ್ಣು, ಮಾವಿನಹಣ್ಣಿನ ಗೊಂಬೆಗಳಲ್ಲಿ ಬದುಕಿದೆ. ಯುದ್ಧದ ಸಾಮಾನಿನ ಚರಿತ್ರೆ ಬರೆಯುವವರು ಗೋಕಾಕದ ಗೊಂಬೆಯ ಅಂಗಡಿಯಲ್ಲೂ ಒಂದು ಗಳಿಗೆ ಕೂರಬೇಕೆಂಬುದು ನನ್ನ ಅಭಿಪ್ರಾಯ.

ಉಕ್ಕಿನ ವಿಷಯಕ್ಕೆ ಬಂದರೆ ನಮ್ಮ ನಾಡಿಗೆ ಹೆಮ್ಮೆಪಡುವ ಹಕ್ಕಿದೆ. ಮೂಸೆಯಲ್ಲಿ ಕರಗಿಸಿ ತೆಗೆದ ದಕ್ಷಿಣ ಭಾರತದ ಉಕ್ಕನ್ನು ಪಶ್ಚಿಮದವರು ‘ವೂಟ್ಜ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಮೈಕೆಲ್ ಫ್ಯಾರಡೆಯಂಥವನೂ ಅದರ ಗುಟ್ಟು ಬಿಡಿಸಲು ಕೂತ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಉಕ್ಕು ಮಾಡುವ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಕಸುಬಿನ ಒಡೆದ ಮೂಸೆಗಳು ಸಿಕ್ಕಿವೆ. ಇಂಥ ಉಕ್ಕಿನ ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ನೀರಿನ ಅಲೆಯಂಥ ಸೂಕ್ಷ್ಮ ಗೆರೆಗಳು ತೇಲುತ್ತವೆ. ಅದಕ್ಕೆ ಜೌಹರ್ ಎನ್ನುತ್ತಾರೆ. ಆ್ಯಸಿಡ್‌ನಿಂದ ಬರೆದ ನಕಲಿ ಅಲೆ ಮೇಲ್ಮೈಗೆ ಅಂಟಿದ ಚಿತ್ರದಂತೆ ಒಂದೇ ಸಮ ಇರುತ್ತದೆ. ನಿಜವಾದದ್ದು ಉಕ್ಕಿನ ಒಡಲಿನದು, ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ.

ಇನ್ನು ಕಲ್ಲಿನ ಸಾಕ್ಷಿ. ನಮ್ಮ ಹಳ್ಳಿಗಳ ಅಗಸೆಯ ಹತ್ತಿರ ಬಿದ್ದಿರುವ ವೀರಗಲ್ಲುಗಳ ಕೆಳಪಟ್ಟಿಯಲ್ಲಿ ಹೋರಾಟ ಇರುತ್ತದೆ. ಕೈಯಲ್ಲಿ ಏನಿದೆ, ಅಲಗು ನೆಟ್ಟಗಿದೆಯೋ ಬಾಗಿದೆಯೋ, ಸೊಂಟದಲ್ಲಿ ಬಾಕು ಎಲ್ಲಿದೆ ಎಂಬುದೆಲ್ಲ ಕಾಣುತ್ತದೆ. ಶಕವರ್ಷ ಬರೆದಿದ್ದರಂತೂ ತಾರೀಖು ಸಮೇತ ಸಿಕ್ಕ ಆಯುಧದ ಚಿತ್ರ ಅದು. ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆಯ ಸೈನಿಕರ ಸಾಲನ್ನೂ ಹೀಗೆಯೇ ಓದಬಹುದು. ಶಿಲ್ಪಿ ತಾನು ಕಲಿತ ಪದ್ಧತಿಯಂತೆ ಕೆತ್ತಿರುತ್ತಾನೆ ಎಂಬ ಎಚ್ಚರ ಇದ್ದರೆ ಸಾಕು.

ಕೆಲವೊಮ್ಮೆ ನಮ್ಮ ಆಯುಧದ ಮೂಲ ನಮ್ಮಲ್ಲಿ ಸಿಗದೆ ಸಾವಿರ ಮೈಲಿ ದೂರ ಸಿಗುತ್ತದೆ. ರಾಯಚೂರು, ಬಳ್ಳಾರಿಗೆ ಹತ್ತಿದ ಆದವಾನಿ ಕೋಟೆಯನ್ನು 1689ರ ಸುಮಾರಿಗೆ ಮೊಗಲರ ಕಡೆಯಿಂದ ಗೆದ್ದವರಲ್ಲಿ ಬೀಕಾನೇರಿನ ಅನೂಪಸಿಂಹ ಪ್ರಮುಖ. ಅಲ್ಲಿ ಕೈಗೆ ಸಿಕ್ಕ ಆಯುಧಗಳನ್ನು ರಾಜಸ್ಥಾನಕ್ಕೆ ಸಾಗಿಸಿದ. ಅವನ ಕಾರಕೂನರು ಒಂದೊಂದರ ಮೇಲೂ ಚುಕ್ಕಿ ಹೊಡೆದು ಅಕ್ಷರ, ಅಂಕಿ ಬರೆದರು. ಆ ಚುಕ್ಕಿಗಳಿಂದಾಗಿ ಇವತ್ತು ದಖ್ಖನಿನ ಎಷ್ಟೋ ಕಠಾರಿ, ಕತ್ತಿಗಳು 1689ಕ್ಕಿಂತ ಹಳೆಯವೆಂದು ಧೈರ್ಯವಾಗಿ ಹೇಳಬಹುದು. ತಂಜಾವೂರಿನ ಆಯುಧಶಾಲೆ 19ನೆಯ ಶತಮಾನದಲ್ಲಿ ಚದುರಿದಾಗ ಅಲ್ಲಿಯ ಕಠಾರಿಗಳು ಚೆನ್ನೈ ವಸ್ತುಸಂಗ್ರಹಾಲಯವನ್ನೂ ಹೊರದೇಶಗಳನ್ನೂ ಸೇರಿದವು. ಹಿಡಿಕೈಗೆ ಎಲೆಯಾಕಾರದ ಮರೆ ಇರುವ ಕಠಾರಿ ಕಂಡರೆ ಬಲ್ಲವರ ಬಾಯಲ್ಲಿ ಮೊದಲು ಬರುವ ಹೆಸರು ತಂಜಾವೂರು.

ಕಠಾರಿಯ ಮಾತು ಬಂದಾಗ ಮೂಡಲಗಿಯ ಪರಿಚಯಸ್ಥರೊಬ್ಬರದು ನೆನಪಾಗಿ ಸಂಕಟವಾಗುತ್ತದೆ. ಅವರ ಮನೆಯ ಕಠಾರಿಯನ್ನು ಮೊದಲ ಸಲ ನೋಡಿದಾಗ, ಹಿಡಿಯ ಅಡ್ಡಪಟ್ಟಿಗಳ ಪಕ್ಕದಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಡೆದ ನಾಲ್ಕೈದು ಅಕ್ಷರಗಳಿದ್ದವು. ಮಬ್ಬು ಬೆಳಕು, ಮೇಲೆ ತುಕ್ಕು. ಮುಂದಿನ ಸಲ ಕ್ಯಾಮೆರಾ ತರುತ್ತೇನೆ ಎಂದು ಹೇಳಿ ಬಂದೆ. ಮುಂದಿನ ಸಲ ಹೋಗುವಷ್ಟರಲ್ಲಿ ಮಗನ ಮದುವೆ. ಮದುಮಗನ ಸೊಂಟಕ್ಕೆ ಸಿಕ್ಕಿಸಲು ಕಠಾರಿ ಹೊಳೆಯಬೇಕೆಂದು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟು ಪಾಲಿಶ್ ಮಾಡಿಸಿದ್ದರು. ತಿರುಗುವ ಚಕ್ರಕ್ಕೆ ಕೊಟ್ಟ ಕಬ್ಬಿಣ ಸ್ಟೀಲಿನ ಚಮಚದಂತೆ ಫಳಫಳ ಹೊಳೆಯುತ್ತಿತ್ತು. ಅಕ್ಷರವಿದ್ದ ಜಾಗಕ್ಕೆ ಬೆರಳಾಡಿಸಿದೆ. ನುಣುಪು. ಅಲ್ಲೇನಿತ್ತೋ, ಯಾವ ಸಂಸ್ಥಾನದ ಲೆಕ್ಕವೋ, ಇನ್ನು ಯಾರೂ ಓದಲಾರರು. ಅವತ್ತೇ ಒಂದು ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳದೆ ಬಂದದ್ದು ನನ್ನ ತಪ್ಪು.

ನಮ್ಮ ಭಾಗದ ಮನೆಗಳಲ್ಲಿ ಆಯುಧದ ಕಥೆ ತುಂಡಾಗಿರುವುದಕ್ಕೆ ಇನ್ನೊಂದು ದೊಡ್ಡ ಕಾರಣ 1857. ಆ ವರ್ಷ ಕಂಪನಿ ಸರಕಾರ ಜನರ ಆಯುಧ ಕಸಿಯುವ ಕಾಯ್ದೆ ತಂದಿತು. ಕತ್ತಿ, ಬಂದೂಕು ಒಪ್ಪಿಸಬೇಕು, ಇಲ್ಲವೇ ದಾಖಲಿಸಿ ಪರವಾನಗಿ ಪಡೆಯಬೇಕು. ಆಗಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ಇಂಗ್ಲಿಷ್ ದಂಡು ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿ ಬಿತ್ತು, ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮರ ಹೆಸರು ನಮ್ಮ ಲಾವಣಿಗಳಲ್ಲಿ ಉಳಿಯಿತು. ಜಾನ್ ಫೇತ್‌ಫುಲ್ ಫ್ಲೀಟ್ ಆ ಲಾವಣಿಯನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ. ಹಲಗಲಿಯ ಸುದ್ದಿ ಕೇಳಿದ ಸುತ್ತಲಿನ ಹಳ್ಳಿಗಳಲ್ಲಿ ಏನಾಗಿರಬಹುದು? ಹಿರಿಯರು ಹೇಳುವುದನ್ನು ನಾನೇ ಕೇಳಿದ್ದೇನೆ: ಕತ್ತಿ ಬಾವಿಗೆ ಹೋಯಿತು, ಹಗೇವಿಗೆ ಹೋಯಿತು, ಬಣವೆಯೊಳಗೆ ಹೋಯಿತು, ಕಮ್ಮಾರಸಾಲಿಗೆ ಹೋಗಿ ಕುಡಗೋಲಾಯಿತು. ಉಳಿಸಿಕೊಂಡವರು ಬಾಯಿ ಬಿಡಲಿಲ್ಲ. ಯಾರದು, ಎಲ್ಲಿಯದು ಎಂದು ಮಕ್ಕಳು ಕೇಳಿದರೆ “ದೇವರದು” ಎಂದರು. ದೇವರ ಕೋಣೆಯ ಜಂತಿಗೆ ಖಡ್ಗ ಏರಿದ್ದು ಭಕ್ತಿಯಿಂದ ಎಷ್ಟೋ, ಭಯದಿಂದಲೂ ಅಷ್ಟೇ ಎಂದು ನನಗೆ ಅನಿಸುತ್ತದೆ.

ಹೀಗೆ ಮಾತು ತುಂಡಾದ ಕಡೆ ದೊಡ್ಡ ಹೆಸರುಗಳು ಬಂದು ಕೂರುತ್ತವೆ. ಪ್ರತಿ ತಾಲ್ಲೂಕಿನಲ್ಲೂ ಶಿವಾಜಿಯ ಕತ್ತಿ, ಚನ್ನಮ್ಮನ ಕತ್ತಿ, ರಾಯಣ್ಣನ ಕತ್ತಿ. ಆ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಇಂಥ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಒಂದು ಉದಾಹರಣೆ ಕಣ್ಣೆದುರಿಗಿದೆ. 1659ರಲ್ಲಿ ಪ್ರತಾಪಗಡದ ತಪ್ಪಲಲ್ಲಿ ಅಫ್ಜಲಖಾನನನ್ನು ಕೊಲ್ಲಲು ಶಿವಾಜಿ ಬಳಸಿದ್ದೆನ್ನಲಾದ ವ್ಯಾಘ್ರನಖ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯಕ್ಕೆ ಸೇರಿದ್ದು. 1818ರ ನಂತರ ಸಾತಾರೆಯ ರೆಸಿಡೆಂಟನಾಗಿದ್ದ ಜೇಮ್ಸ್ ಗ್ರಾಂಟ್ ಡಫ್‌ಗೆ ಅದು ಕಾಣಿಕೆಯಾಗಿ ಬಂತೆಂದು ಅದರ ಪೆಟ್ಟಿಗೆಯ ಮೇಲೆ ಬರೆದಿದೆ. 2024ರ ಜುಲೈಯಲ್ಲಿ ಅದು ಎರವಲಾಗಿ ಸಾತಾರೆಗೆ ಬಂದಾಗ ಜನ ಸಾಲುಗಟ್ಟಿ ನೋಡಿದರು. ಶಿವಾಜಿ ಬಳಸಿದ್ದು ಇದೇ ಎಂದು ಖಚಿತಪಡಿಸಲಾಗದು ಎಂದು ಆ ಸಂಗ್ರಹಾಲಯವೇ ಹೇಳುತ್ತದೆ. 1659ರಿಂದ 1818ರ ತನಕ ಅದು ಯಾರ ಮನೆಯಲ್ಲಿತ್ತು ಎಂಬ ಕೊಂಡಿ ಸಿಗದಿರುವುದೇ ತೊಡಕು. ಹುಕ್ಕೇರಿಗೆ ಹತ್ತಿರದ ಕೊಲ್ಹಾಪುರದಿಂದ 1875-76ರಲ್ಲಿ ವೇಲ್ಸ್ ರಾಜಕುಮಾರನಿಗೆ ಕೊಟ್ಟ, ಶಿವಾಜಿಯದೆನ್ನಲಾಗುವ ‘ಜಗದಂಬಾ’ ಖಡ್ಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಅದರ ಅಲಗೂ ಯುರೋಪಿನದೇ.

ಕೊಂಡಿ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಟಿಪ್ಪುವಿನ ಶಯನಾಗಾರದ ಖಡ್ಗವೇ ಸಾಕ್ಷಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟರು. 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 1.4 ಕೋಟಿ ಪೌಂಡಿಗೂ ಹೆಚ್ಚು. ಎಲ್ಲಿ ಸಿಕ್ಕಿತು, ಯಾರಿಗೆ ಕೊಟ್ಟರು ಎಂಬ ದಾಖಲೆ ಇಲ್ಲದಿದ್ದರೆ ಅದಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಬೆಲೆಯ ಮಾತು ಬಂದ ಕೂಡಲೇ ಮನೆಗೆ ಗಿರಾಕಿಗಳು ಬರುತ್ತಾರೆ. ಎರಡು ವಿಷಯ ತಿಳಿದಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ, ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಹೊಲ ಉಳುವಾಗ, ಮನೆಯ ಪಾಯ ತೆಗೆಯುವಾಗ ಸಿಕ್ಕಿದ್ದನ್ನು ಸರಕಾರಕ್ಕೆ ತಿಳಿಸಬೇಕು. ಕರ್ನಾಟಕದ ನಿಧಿ ಕಾಯ್ದೆ 1962ರದು. ಹೋಲಿಸಿ ನೋಡಬೇಕೆಂದರೆ ಕಿತ್ತೂರಿನ ಕೋಟೆಯ ವಸ್ತುಸಂಗ್ರಹಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ವಿಜಯಪುರದ ಗೋಳಗುಮ್ಮಟದ ಎದುರಿನ ಸಂಗ್ರಹಾಲಯ, ಕೊಲ್ಹಾಪುರದ ಹೊಸ ಅರಮನೆ ಎಲ್ಲವೂ ಒಂದೊಂದು ದಿನದ ದಾರಿ.

ಹುಕ್ಕೇರಿ ಕಡೆಯ ಆ ವಾಡೆಯಲ್ಲಿ ಅವತ್ತು ಸಂಜೆ ಅಣ್ಣ ತಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮುತ್ಯಾ ಏನಂದಿದ್ದರು, ಅವ್ವ ಏನಂದಿದ್ದಳು ಎಂಬುದನ್ನು ಅವರ ಮಾತಿನಲ್ಲೇ ಮೊಮ್ಮಗಳಿಂದ ಬರೆಸಿದೆ. ಎರಡೂ ಮಾತನ್ನು ಬರೆಸಿದೆ, ಒಂದನ್ನೂ ತಿದ್ದಲಿಲ್ಲ. ಹುಡುಗಿ ಖಡ್ಗದ ಎರಡೂ ಮಗ್ಗುಲು, ಬೆನ್ನು, ಹಿಡಿಯ ಒಳಗು, ಆ ಕುಡಗೋಲಿನ ಗುರುತು ಎಲ್ಲದರ ಚಿತ್ರ ತೆಗೆದು, ಪಕ್ಕದಲ್ಲಿ ಶಾಲೆಯ ಅಳತೆಪಟ್ಟಿ ಇಟ್ಟು ಇನ್ನೊಮ್ಮೆ ತೆಗೆದಳು. ಕಾಗದಕ್ಕೆ ತಾರೀಖು ಹಾಕಿ, ಇಬ್ಬರ ಸಹಿ ಮಾಡಿಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜಂತಿಯ ಕೆಳಗಿನ ಗೂಡಿನಲ್ಲಿ ಇಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಜಂತಿಯ ಮೇಲೆ ಏನಾದರೂ ಇದ್ದರೆ ಈ ಸಲದ ಮಹಾನವಮಿಗೆ ಇಷ್ಟು ಮಾಡಿ. ಪಾಲಿಶ್ ಕಾಗದ ಬೇಡ, ಹುಣಸೆಹಣ್ಣು ಬೇಡ, ತಿರುಗುವ ಚಕ್ರ ಬೇಡವೇ ಬೇಡ. ಮೆತ್ತನೆಯ ಬಟ್ಟೆಯಲ್ಲಿ ಧೂಳು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ ಸಾಕು. ಅದಕ್ಕಿಂತ ಮೊದಲು ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರ ಪಕ್ಕ ಕೂತು, ಇದು ಎಲ್ಲಿಂದ ಬಂತು ಎಂದು ಕೇಳಿ ಬರೆದಿಟ್ಟುಕೊಳ್ಳಿ.